ಮೊದಲು ಅಂಗಿ ಎತ್ತಿ ನೋಡು

ಪ್ರೀತಿಯ ಮಗಳೇ,

ದೊಡ್ಡಮ್ಮನ ಆಶೀರ್ವಾದಗಳು. ಮೊನ್ನೆ ನಡುರಾತ್ರಿ ನೀನು ಫೋನನ್ನು ಪಾಪುವಿನ ಎದೆಗೆ ಹಿಡಿದು, ‘ಈ ಗೊರಗೊರ ಕೇಳಿಸುತ್ತಿದೆಯಾ ದೊಡ್ಡಮ್ಮಾ?’ ಎಂದು ಅಳುತ್ತಿದ್ದೆ. ಕೇಳಿಸಿತು. ಆದರೆ ಅದರಿಂದ ನನಗೆ ಹೆಚ್ಚೇನೂ ತಿಳಿಯಲಿಲ್ಲ. ಅಂಗಿ ಎತ್ತಿ ಎದೆ ನೋಡಿದೆಯಾ ಎಂದರೆ, ಶೀತವಾಗಬಾರದೆಂದು ಎರಡು ಸ್ವೆಟರ್ ತೊಡಿಸಿ ಹೊದಿಸಿದ್ದೇನೆ ಎಂದೆ! ಇದಕ್ಕೆ ಪತ್ರವನ್ನೇ ಬರೆಯಬೇಕು ಎಂದು ಆಗಲೇ ತೀರ್ಮಾನಿಸಿದೆ. ಫೋನಿನಲ್ಲಿ ಹೇಳಿದ್ದು ಗಾಬರಿಯಲ್ಲಿ ಹಾರಿಹೋಗುತ್ತದೆ. ಕಾಗದವನ್ನಾದರೆ ಬೇಕೆಂದಾಗ ಬಿಚ್ಚಿ ಓದಬಹುದು.

ಮಕ್ಕಳ ವಾರ್ಡಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವಳು ನಾನು. ತಾಯಂದಿರು ಸದ್ದಿಗೆ ಹೆದರುತ್ತಾರೆ, ನರ್ಸುಗಳು ಸದ್ದು ನಿಂತರೆ ಹೆದರುತ್ತಾರೆ. ಮೂಗಿನಲ್ಲಿ ಸಿಂಬಳ ಕಟ್ಟಿದ್ದರೂ ಸಾಕು, ಎದೆಯ ಮೇಲೆ ಕೈಯಿಟ್ಟರೆ ಗೊರಗುಟ್ಟುತ್ತದೆ. ಅಂಥ ಮಗು ನಗುತ್ತ, ಕಾಲು ಬಡಿಯುತ್ತ, ಎಂದಿನಂತೆ ಹಾಲು ಕುಡಿಯುತ್ತಿದ್ದರೆ ನೀನೂ ಸ್ವಲ್ಪ ನಿದ್ದೆ ಮಾಡಬಹುದು. ನಿಜವಾಗಿ ಉಸಿರಿಗೆ ಒದ್ದಾಡುವ ಮಗುವಿಗೆ ಜೋರಾಗಿ ಅಳುವ ಶಕ್ತಿಯೂ ಇರುವುದಿಲ್ಲ. ರಾತ್ರಿಯೆಲ್ಲ ಸುಯ್ಗುಟ್ಟುತ್ತಿದ್ದ ಎದೆ ಬೆಳಗಿನ ಜಾವ ಮೌನವಾಗಿ, ಮಗು ಸೋತು ಕಣ್ಣು ಮುಚ್ಚಿದ್ದರೆ ಅದನ್ನು ‘ಗುಣವಾಯಿತು’ ಎಂದುಕೊಳ್ಳಬೇಡ. ಗಾಳಿಯೇ ಆಡುತ್ತಿಲ್ಲದಿದ್ದರೆ ಸದ್ದು ಎಲ್ಲಿಂದ ಬರಬೇಕು?

ಆದ್ದರಿಂದ ಮೊದಲು ಅಂಗಿ ಎತ್ತು. ಹೊಟ್ಟೆಯೂ ಎದೆಯೂ ಕಾಣುವಂತಿರಲಿ, ಬೆಳಕಿರಲಿ, ಮಗು ಅಳದೆ, ಹಾಲು ಕುಡಿಯದೆ ಸುಮ್ಮನಿರಲಿ. ಮಲಗಿದ್ದರೆ ಇನ್ನೂ ಒಳ್ಳೆಯದು. ಗಡಿಯಾರ ಎದುರಿಗಿಟ್ಟುಕೊಂಡು ಹೊಟ್ಟೆ ಏರಿದ್ದನ್ನು ಪೂರ್ತಿ ಒಂದು ನಿಮಿಷ ಎಣಿಸು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಜಾಣತನ ಬೇಡ. ಎಳೆಯ ಮಕ್ಕಳ ಉಸಿರು ಒಂದೇ ಲಯದಲ್ಲಿರುವುದಿಲ್ಲ. ಹಸುಗೂಸುಗಳು ನಡುನಡುವೆ ಐದು ಹತ್ತು ಸೆಕೆಂಡು ಉಸಿರು ತಡೆದು ಮತ್ತೆ ಆರಂಭಿಸುವುದೂ ಉಂಟು. ಅದು 20 ಸೆಕೆಂಡಿನವರೆಗೆ ಹೋದರೆ, ಇಲ್ಲವೇ ಆಗ ಬಣ್ಣ ಬದಲಾದರೆ ಮಾತ್ರ ಸಹಜವಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಲೆಕ್ಕ ನಮಗೆ ಬಾಯಿಪಾಠವಾಗಿತ್ತು: ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳು ತುಂಬಿ ವರ್ಷವಾಗದ ಮಗುವಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರಿಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರಾಟ. ಅಂದರೆ ಪಾಪುವಿನ ಗಡಿ 50, ಅವಳ ಅಕ್ಕನದು 40. ಜ್ವರವಿದ್ದಾಗ ಉಸಿರು ತಾನಾಗಿಯೇ ಏರುತ್ತದೆ. ಜ್ವರ ಇಳಿದ ಮೇಲೆ ಇನ್ನೊಮ್ಮೆ ಎಣಿಸು. ಆಗಲೂ ಗಡಿ ದಾಟಿದ್ದರೆ ಅದೇ ದಿನ ವೈದ್ಯರಿಗೆ ತೋರಿಸು. ಎರಡು ತಿಂಗಳೊಳಗಿನ ಕೂಸಾದರೆ ಜ್ವರ ಇಳಿಯಲಿ ಎಂದು ಕಾಯುವಂತೆಯೇ ಇಲ್ಲ.

ಎಣಿಸುತ್ತಿರುವಾಗಲೇ ಕಣ್ಣು ಪಕ್ಕೆಯ ಕಡೆಗಿರಲಿ. ಮಕ್ಕಳ ಪಕ್ಕೆಲುಬು ಮೆದು. ಉಸಿರು ಒಳಗೆ ಹೋಗುವಾಗ ಎದೆ ಉಬ್ಬಬೇಕಲ್ಲವೇ? ಅದರ ಬದಲು ಕೆಳಪಕ್ಕೆ ಗುಳಿ ಬಿದ್ದಂತೆ ಒಳಗೆ ಸೆಳೆದುಕೊಂಡರೆ ಮಗು ಬಹಳ ಬಲ ಹಾಕಿ ಗಾಳಿ ಎಳೆಯುತ್ತಿದೆ ಎಂದರ್ಥ. ಮೂಗಿನ ಹೊಳ್ಳೆ ಅರಳುವುದು, ಪ್ರತಿ ಉಸಿರಿಗೂ ತಲೆ ಆಡುವುದು, ಉಸಿರು ಬಿಡುವಾಗ ‘ಹ್ಞೂಂ, ಹ್ಞೂಂ’ ಎಂದು ನರಳುವುದು, ಇವೆಲ್ಲ ಅದೇ ಕಷ್ಟದ ಬೇರೆ ಬೇರೆ ಮುಖಗಳು. ಇವು ಕಂಡರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ತುಟಿಯ ಒಳಭಾಗ ಅಥವಾ ನಾಲಿಗೆ ನೀಲಿಗೋ ಬೂದಿಗೋ ತಿರುಗಿದರೆ, ಎಬ್ಬಿಸಿದರೂ ಏಳದಿದ್ದರೆ, ಹಾಲು ನೀರು ಏನನ್ನೂ ಕುಡಿಯಲಾಗದಿದ್ದರೆ, ಫಿಟ್ಸ್ ಬಂದರೆ ನನಗೆ ಫೋನ್ ಮಾಡುತ್ತ ಕೂರಬೇಡ. ಹೊರಡು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಮನೆಯಲ್ಲಿದೆ ಎಂದೆಯಲ್ಲ, ಕಾಲು ಬಡಿಯುವ ಮಗುವಿಗೆ, ತಣ್ಣಗಾದ ಪುಟ್ಟ ಬೆರಳಿಗೆ ಅದು ಏನೇನೋ ತೋರಿಸುತ್ತದೆ. 90ಕ್ಕಿಂತ ಕೆಳಗೆ ತೋರಿಸಿದರೆ ಉಪಕರಣವನ್ನು ಅನುಮಾನಿಸುತ್ತ ನಿಲ್ಲಬೇಡ. 97 ತೋರಿಸುತ್ತಿದ್ದರೂ ಪಕ್ಕೆ ಸೆಳೆಯುತ್ತಿದ್ದರೆ ಪಕ್ಕೆಯನ್ನೇ ನಂಬು.

ಪಾಪುವಿಗೆ ಆಗಿರುವುದು ಬ್ರಾಂಕಿಯೋಲೈಟಿಸ್ ಎಂದು ಡಾಕ್ಟರು ಹೇಳಿದ್ದು ಕೇಳಿ ನನಗೆ ಆಶ್ಚರ್ಯವಾಗಲಿಲ್ಲ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಇದು ಬಹಳ ಸಾಮಾನ್ಯ, ಹೆಚ್ಚಾಗಿ ಆರ್‌ಎಸ್‌ವಿ ಎಂಬ ವೈರಸ್‌ನಿಂದ ಬರುತ್ತದೆ. ಶ್ವಾಸಕೋಶದ ಅತಿ ಸಣ್ಣ ನಳಿಗೆಗಳು ಊದಿಕೊಂಡು ಕಫ ತುಂಬುತ್ತದೆ. ದೊಡ್ಡವರಿಗೆ ಬರೀ ನೆಗಡಿಯಾಗುವುದು ಕೂಸಿಗೆ ಯಾಕೆ ಇಷ್ಟು ಕಷ್ಟ ಎಂದು ನೀನು ಕೇಳಿದ್ದೆ. ನಳಿಗೆಯ ಅಗಲ ಅರ್ಧಕ್ಕಿಳಿದರೆ ಗಾಳಿಗೆ ತಡೆ ಎರಡು ಪಟ್ಟಲ್ಲ, 16 ಪಟ್ಟಾಗುತ್ತದೆ. ಮೊದಲೇ ಎಳೆಯ ನಳಿಗೆ, ಅದರೊಳಗೊಂದು ಪದರ ಕಫ! ಈ ಕಾಯಿಲೆ ಮೂರರಿಂದ ಐದನೆಯ ದಿನದವರೆಗೆ ಏರಿ, ಆಮೇಲೆ ಇಳಿಯುತ್ತದೆ. ಕೆಮ್ಮು ಎರಡು ಮೂರು ವಾರ ಉಳಿದರೂ ಉಳಿಯಬಹುದು. ಡಾಕ್ಟರು ಆಂಟಿಬಯೋಟಿಕ್ ಕೊಡಲಿಲ್ಲ ಎಂದು ನಿನ್ನ ಅತ್ತೆಯವರು ಬೇಸರಪಟ್ಟರಂತೆ. ವೈರಸ್ಸಿಗೆ ಅದು ತಾಗುವುದಿಲ್ಲ ಎಂದು ಅವರಿಗೆ ಮೆಲ್ಲಗೆ ಹೇಳು. ಔಷಧಿ ಬರೆಯದೆ ಕಳುಹಿಸುವ ಡಾಕ್ಟರಿಗೆ ಬರೆದುಕೊಡುವವರಿಗಿಂತ ಹೆಚ್ಚು ಧೈರ್ಯ ಬೇಕು.

ಹಾಗಾದರೆ ನೀನು ಮಾಡಬೇಕಾದದ್ದೇನು? ಹಾಲು ಕೊಡುವ ಮುಂಚೆ ಎರಡು ಹನಿ ಸಲೈನ್, ಅಂದರೆ ಮೂಗಿಗೆಂದೇ ಇರುವ ಉಪ್ಪುನೀರು, ಹಾಕಿ ಮೂಗು ತೆರವು ಮಾಡು. ಕೂಸುಗಳಿಗೆ ಮೂಗೇ ಉಸಿರಿನ ಹಾದಿ. ಅದು ಕಟ್ಟಿದರೆ ಹಾಲು ಎಳೆಯುವುದೂ ಉಸಿರಾಡುವುದೂ ಒಟ್ಟಿಗೆ ಆಗುವುದಿಲ್ಲ. ಒಂದೇ ಸಲ ಹೊಟ್ಟೆ ತುಂಬಿಸಲು ಹೋಗದೆ ಸ್ವಲ್ಪ ಸ್ವಲ್ಪವಾಗಿ ಮತ್ತೆ ಮತ್ತೆ ಕುಡಿಸು. ಎಂದಿನ ಅರ್ಧದಷ್ಟೂ ಕುಡಿಯದಿದ್ದರೆ, ಮೂತ್ರ ಕಡಿಮೆಯಾದರೆ ಮತ್ತೆ ತೋರಿಸಬೇಕು. ಕುದಿನೀರಿನ ಹಬೆ ಬೇಡವೇ ಬೇಡ. ಅದರಿಂದ ಗುಣವಾದವರಿಗಿಂತ ಸುಟ್ಟುಕೊಂಡು ಬಂದ ಮಕ್ಕಳನ್ನೇ ನಾನು ಹೆಚ್ಚು ನೋಡಿದ್ದೇನೆ. ಕರ್ಪೂರವನ್ನೂ ಕರ್ಪೂರವಿರುವ ಮುಲಾಮನ್ನೂ ಎದೆಗೆ ಮೂಗಿಗೆ ಹಚ್ಚಬೇಡ, ಎರಡು ವರ್ಷದೊಳಗಿನವರಿಗೆ ಅದು ಅಪಾಯ. ಕೆಮ್ಮಿನ ಸಿರಪ್ಪೂ ಈ ವಯಸ್ಸಿಗಲ್ಲ. ವರ್ಷ ತುಂಬುವವರೆಗೆ ಜೇನುತುಪ್ಪವೂ ಬೇಡ. ಮನೆಯಲ್ಲಿ ಸಿಗರೇಟು ಸೇದುವವರು ಹೊರಗೆ ಹೋಗಿ ಸೇದಿದರೂ ಹೊಗೆ ಅಂಗಿಗೆ ಅಂಟಿಕೊಂಡು ಒಳಗೆ ಬರುತ್ತದೆ. ಯಾರನ್ನು ಕುರಿತು ಬರೆದಿದ್ದೇನೆಂದು ಅವರಿಗೆ ಗೊತ್ತಾಗುತ್ತದೆ, ಈ ಸಾಲನ್ನು ಓದಿ ಹೇಳು.

ನ್ಯುಮೋನಿಯಾ ಬೇರೆ. ಅದು ಬ್ಯಾಕ್ಟೀರಿಯಾದಿಂದ ಬಂದದ್ದಾದರೆ ಆಂಟಿಬಯೋಟಿಕ್ ಬೇಕೇ ಬೇಕು, ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸುವಂತಿಲ್ಲ. ನ್ಯುಮೋಕಾಕಲ್, ಹಿಬ್ ಲಸಿಕೆಗಳು ಅದನ್ನೇ ತಡೆಯಲು ಇರುವುದು, ಪಾಪುವಿನ ಚೀಟಿ ತೆಗೆದು ಯಾವುದೂ ಬಾಕಿಯಿಲ್ಲವೇ ನೋಡು. ಇನ್ನು ನಡುರಾತ್ರಿ ನಾಯಿ ಬೊಗಳಿದಂತೆ ಕೆಮ್ಮಿ, ಉಸಿರು ಎಳೆಯುವಾಗ ಕೀರಲು ದನಿ ಬಂದರೆ ಅದು ಗಂಟಲಿನ ಕೆಳಗಿನ ಊತ, ಕ್ರೂಪ್ ಎನ್ನುತ್ತಾರೆ. ಒಂದೇ ಡೋಸ್ ಸ್ಟೀರಾಯ್ಡ್‌ಗೆ ಸಾಮಾನ್ಯವಾಗಿ ಇಳಿಯುತ್ತದೆ. ಮಗುವನ್ನು ಎತ್ತಿಕೊಂಡು ಸಮಾಧಾನಪಡಿಸುತ್ತಲೇ ಕರೆದುಕೊಂಡು ಹೋಗು, ಅಳಿಸಿದಷ್ಟೂ ದಾರಿ ಇಕ್ಕಟ್ಟಾಗುತ್ತದೆ. ಜೊಲ್ಲು ಸುರಿಸುತ್ತ ಮುಂದಕ್ಕೆ ಬಾಗಿ ಕುಳಿತ ಮಗುವಿನ ಬಾಯಿ ತೆರೆಸಿ ನೋಡಲು ಹೋಗಬೇಡ.

ನೆಗಡಿ ಜ್ವರ ಏನೂ ಇಲ್ಲದೆ, ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಉಸಿರು ಕಟ್ಟಿ ಒದ್ದಾಡಿದರೆ ಏನೋ ಸಿಕ್ಕಿಕೊಂಡಿದೆ ಎಂದೇ ತಿಳಿ. ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡು. ದನಿಯೇ ಹೊರಡದಿದ್ದರೆ, ಪಾಪುವನ್ನು ಮುಂಗೈ ಮೇಲೆ ಬೋರಲು ಹಾಕಿ, ತಲೆ ತಗ್ಗಿಸಿ, ಹೆಗಲ ನಡುವೆ ಅಂಗೈ ಬುಡದಿಂದ ಐದು ಪೆಟ್ಟು ಕೊಡು. ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುಮೂಳೆಯನ್ನು ಐದು ಬಾರಿ ಒತ್ತು. ಹೊರಬೀಳುವವರೆಗೆ ಹೀಗೇ ಒಂದಾದ ಮೇಲೊಂದು. ದೊಡ್ಡವಳಿಗಾದರೆ ಬೆನ್ನಿಗೆ ಐದು ಪೆಟ್ಟಾದ ಮೇಲೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ ಐದು ಬಾರಿ ಅದುಮಬೇಕು. ಕಾಣದ ವಸ್ತುವಿಗೆ ಬಾಯಲ್ಲಿ ಬೆರಳು ಹಾಕಿ ತಡಕಬೇಡ, ಇನ್ನೂ ಒಳಗೆ ಹೋಗುತ್ತದೆ. ಮಗು ಪ್ರಜ್ಞೆ ತಪ್ಪಿದರೆ ಎದೆ ಒತ್ತಿ ಉಸಿರು ಕೊಡುವ ಸಿಪಿಆರ್ ಬೇಕಾಗುತ್ತದೆ. ಅದನ್ನು ಓದಿ ಕಲಿಯಲಾಗದು, ನೀವಿಬ್ಬರೂ ಒಂದು ದಿನ ಬಿಡುವು ಮಾಡಿಕೊಂಡು ತರಬೇತಿಗೆ ಹೋಗಿ.

ದೊಡ್ಡವಳ ಉಬ್ಬಸಕ್ಕೆ ಇನ್ಹೇಲರ್ ಬರೆದಿದ್ದಾರೆ, ‘ಅಭ್ಯಾಸವಾಗಿಬಿಟ್ಟರೆ’ ಎಂದು ಹಿಂಜರಿಯುತ್ತಿದ್ದೇನೆ ಎಂದೆ. ನಿನಗೆ ನಾನು ಬೈಯುವಂತಿಲ್ಲ, ಏಕೆಂದರೆ ನಾನೂ ಹಾಗೆಯೇ ಮಾಡಿದ್ದೆ. ನಿನ್ನ ಅಣ್ಣನಿಗೆ ಆಗ ಐದು ವರ್ಷ. ದಿನವೂ ಕೊಡಬೇಕಾದ ಸ್ಟೀರಾಯ್ಡ್ ಇನ್ಹೇಲರನ್ನು, ಚೆನ್ನಾಗಿಯೇ ಇದ್ದಾನಲ್ಲ ಎಂದು ಯಾರನ್ನೂ ಕೇಳದೆ ನಿಲ್ಲಿಸಿದೆ. ಅದರಿಂದಲೇ ಚೆನ್ನಾಗಿದ್ದ ಎಂಬುದು ಹೊಳೆಯಲಿಲ್ಲ. ಎರಡು ತಿಂಗಳ ಬಳಿಕ ಒಂದು ರಾತ್ರಿ ಮೊಣಕಾಲ ಮೇಲೆ ಕೈಯೂರಿ ಕುಳಿತಿದ್ದ, ‘ಅಮ್ಮಾ ನೀರು’ ಎನ್ನಲೂ ನಡುವೆ ಒಮ್ಮೆ ಉಸಿರು ಎಳೆದುಕೊಳ್ಳಬೇಕಾಯಿತು. ಗಾಬರಿಯಲ್ಲಿ, ಬಿಗಿದ ಉಸಿರುನಾಳವನ್ನು ತಕ್ಷಣ ಸಡಿಲಿಸುವ ಸಾಲ್ಬುಟಮಾಲ್ ಇನ್ಹೇಲರನ್ನು, ನಡುವೆ ಸಿಕ್ಕಿಸಬೇಕಾದ ಸ್ಪೇಸರ್ ಎಂಬ ಕೊಳವೆಯಿಲ್ಲದೆ, ನೇರವಾಗಿ ಬಾಯಿಗೇ ಒತ್ತಿದೆ, ಬಹುಪಾಲು ನಾಲಿಗೆಯ ಮೇಲೆ ಬಿತ್ತು. ಆಸ್ಪತ್ರೆಯಲ್ಲಿ ಆಮ್ಲಜನಕ ಹಚ್ಚುತ್ತ ಎಳೆಯ ನರ್ಸೊಬ್ಬಳು, ‘ಸ್ಪೇಸರ್ ಇರಲಿಲ್ಲವೇ ಸಿಸ್ಟರ್?’ ಎಂದಳು. ಇದ್ದಿತ್ತು. ಕಪಾಟಿನ ಮೇಲಿತ್ತು.

ಇನ್ಹೇಲರಿನ ಒಂದು ಒತ್ತಿಗೆ ಬರುವುದು 100 ಮೈಕ್ರೋಗ್ರಾಂ ಸಾಲ್ಬುಟಮಾಲ್. ಅದೇ ಔಷಧಿಯ ಸಿರಪ್ಪಿನ ಒಂದು ಚಮಚದಲ್ಲಿ 2 ಮಿಲಿಗ್ರಾಂ, ಅಂದರೆ ಇಪ್ಪತ್ತು ಪಟ್ಟು, ಅದೂ ಮೈಯೆಲ್ಲ ಸುತ್ತಿ ಎದೆಗೆ ಬರಬೇಕು. ಇನ್ನು ಅಭ್ಯಾಸದ ಮಾತು ಎಲ್ಲಿಂದ ಬಂತು? ಚೆನ್ನಾಗಿ ಅಲುಗಾಡಿಸು, ಸ್ಪೇಸರಿಗೆ ಸಿಕ್ಕಿಸು, ಮಾಸ್ಕ್ ಮುಖಕ್ಕೆ ಸಂದಿಲ್ಲದಂತೆ ಕೂರಲಿ, ಒಂದು ಸಲ ಒತ್ತಿ ಐದಾರು ಉಸಿರು ಎಳೆಯಲು ಬಿಡು, ಮತ್ತೆ ಅಲುಗಾಡಿಸಿ ಮುಂದಿನದು. ಎರಡನ್ನು ಒಟ್ಟಿಗೆ ಒತ್ತಬೇಡ. ಸ್ಪೇಸರನ್ನು ಸಾಬೂನು ನೀರಿನಲ್ಲಿ ತೊಳೆದು ತಾನಾಗಿ ಒಣಗಲು ಬಿಡು. ಬಟ್ಟೆಯಿಂದ ಉಜ್ಜಿದರೆ ಔಷಧಿ ಗೋಡೆಗೇ ಅಂಟುತ್ತದೆ. ಸ್ಟೀರಾಯ್ಡ್ ಆದ ಮೇಲೆ ಬಾಯಿ ಮುಕ್ಕಳಿಸಲಿ. ತೀವ್ರವಾದಾಗ ಎಷ್ಟು ಸಲ ಒತ್ತಬೇಕೆಂದು ಡಾಕ್ಟರಿಂದಲೇ ಬರೆಸಿಟ್ಟುಕೋ. ನಾಲ್ಕು ಗಂಟೆಯೊಳಗೆ ಮತ್ತೆ ಬೇಕಾಯಿತೆಂದರೆ ಆಸ್ಪತ್ರೆಗೆ ಹೊರಡು.

ಇಂದು ರಾತ್ರಿ ಇಬ್ಬರೂ ಮಲಗಿದ ಮೇಲೆ ದೀಪ ಹಚ್ಚಿ ಎಣಿಸು. ಕಾಯಿಲೆ ಪೂರ್ತಿ ಬಿಟ್ಟ ಮೇಲೆ ಇನ್ನೊಂದು ದಿನ ಎಣಿಸು, ಅವರವರ ಸಹಜ ಉಸಿರು ಎಷ್ಟೆಂದು ನಿನ್ನ ಕಣ್ಣಿಗೆ ಗೊತ್ತಿರಲಿ. ನಾಲ್ಕೂ ಅಂಕಿಗಳನ್ನು ನನಗೆ ಬರೆದು ಕಳುಹಿಸು, ಇಲ್ಲಿ ಕ್ಯಾಲೆಂಡರಿನ ಹಿಂದೆ ಗುರುತು ಹಾಕಿಕೊಳ್ಳುತ್ತೇನೆ. ಮತ್ತೆ ಆ ಎರಡನೆಯ ಸ್ವೆಟರ್ ತೆಗೆ.

ಇಂತಿ,
ನಿನ್ನ ದೊಡ್ಡಮ್ಮ