ಮಗಳಿಗೊಂದು ಪತ್ರ: ದೋಣಿಯೊಳಗಿನ ಸೀಸವನ್ನು ಕುರಿತು

ಪ್ರೀತಿಯ ಮಗಳೇ,

ನಿನ್ನ ಮಾದರಿ ಹಾಯಿದೋಣಿಯ ಒಡಲು ಸಿದ್ಧವಾಗಿದೆ, ಇನ್ನು ಮೇಲಿನ ಹಲಗೆಯನ್ನು ಅಂಟಿಸುವುದೊಂದೇ ಬಾಕಿ ಎಂದು ಬರೆದಿದ್ದೀಯೆ. ಅಂಟಿಸುವ ಮೊದಲು ಈ ಪತ್ರವನ್ನು ಪೂರ್ತಿ ಓದು. ತಳದಲ್ಲಿ ಭಾರಕ್ಕಾಗಿ 600 ಗ್ರಾಂ ಸೀಸದ ಸಣ್ಣ ಗುಂಡುಗಳು ಬೇಕೆಂಬ ನಿನ್ನ ಲೆಕ್ಕ ಸರಿಯಾಗಿದೆ. ಆದರೆ ಆ ಸೀಸ ಅಲ್ಲಿಂದ ಕದಲದಂತೆ ಹೇಗೆ ಹಿಡಿದಿಡುವೆ ಎಂಬುದನ್ನು ನೀನು ಬರೆದಿಲ್ಲ, ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅದೇ.

ಗಾಳಿ ಹಾಯಿಯನ್ನು ಒತ್ತಿ ದೋಣಿಯನ್ನು ವಾಲಿಸಿದಾಗ ನೀರಿನ ಎತ್ತುವ ಬಲ ವಾಲಿದ ಬದಿಗೆ ಸರಿಯುತ್ತದೆ, ತಳದ ಭಾರ ಇದ್ದಲ್ಲೇ ಇರುತ್ತದೆ, ಮತ್ತು ಇವೆರಡರ ನಡುವೆ ಹುಟ್ಟುವ ಅಡ್ಡ ಅಂತರವೇ ದೋಣಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ. ಗುಂಡುಗಳು ಸಡಿಲವಾಗಿದ್ದರೆ ಅವೂ ವಾಲಿದ ಬದಿಗೇ ಉರುಳಿ ಆ ಅಂತರವನ್ನು ನುಂಗಿಬಿಡುತ್ತವೆ. ಕಾಯಬೇಕಾದ ಭಾರವೇ ಆಗ ದೋಣಿಯನ್ನು ಮಗುಚಿಹಾಕುತ್ತದೆ. ಚಿಕ್ಕ ದೋಣಿಗೆ ಈ ಅಪಾಯ ಇನ್ನೂ ಹೆಚ್ಚು. ಅದೇ ಗಾಳಿಯಲ್ಲಿ ದೋಣಿಯ ಎಲ್ಲ ಅಳತೆಗಳನ್ನೂ ಅರ್ಧಕ್ಕೆ ಇಳಿಸಿದರೆ ವಾಲಿಸುವ ಪ್ರಭಾವ ಎಂಟನೆಯ ಒಂದು ಪಾಲಾಗುತ್ತದೆ, ನೆಟ್ಟಗಾಗಿಸುವ ಪ್ರಭಾವವಾದರೋ ಹದಿನಾರನೆಯ ಒಂದು ಪಾಲಿಗೆ ಕುಸಿಯುತ್ತದೆ. ಇಂಟರ್‌ನ್ಯಾಷನಲ್ ಒನ್ ಮೀಟರ್ ವರ್ಗದ ರೇಡಿಯೊ ನಿಯಂತ್ರಿತ ಮಾದರಿ ದೋಣಿಗಳ ಕನಿಷ್ಠ ತೂಕ 4 ಕಿಲೊ, ಅದರಲ್ಲಿ 2.2ರಿಂದ 2.5 ಕಿಲೊವರೆಗೆ ಒಡಲಿನ ಕೆಳಗಿನ ರೆಕ್ಕೆ ಮತ್ತು ಅದರ ತುದಿಯ ಸೀಸದಲ್ಲೇ ಇರುತ್ತದೆ. ನೀನು ಹಳೆಯ ಕಾಲದ ದೋಣಿಯ ಚೆಲುವನ್ನು ಉಳಿಸಿಕೊಳ್ಳಲು ಭಾರವನ್ನು ಒಳಗೇ ಇಡುತ್ತಿದ್ದೀಯೆ. ಆ ಆಯ್ಕೆ ನನಗೂ ಮೆಚ್ಚುಗೆಯೇ, ಆದರೆ ಅಷ್ಟು ಆಳದ ಅನುಕೂಲ ನಿನಗಿಲ್ಲವಾದ್ದರಿಂದ ಪ್ರತಿ ಗ್ರಾಮೂ ತಳಕ್ಕೆ ತಾಗಿಯೇ ಇರಬೇಕು.

ಮೊದಲು ಕಂಬ, ಹಾಯಿ, ಚುಕ್ಕಾಣಿ ಎಲ್ಲವನ್ನೂ ಜೋಡಿಸಿ, ಗುಂಡುಗಳನ್ನು ಪುಟ್ಟ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ಒಡಲೊಳಗಿಟ್ಟು, ದೋಣಿಯನ್ನು ನೀರಿನ ತೊಟ್ಟಿಯಲ್ಲಿ ತೇಲಿಬಿಡು. ನೀನು ಗುರುತಿಸಿದ ಜಲರೇಖೆಗೆ ಮುಂದೆಯೂ ಹಿಂದೆಯೂ ನೀರು ಸಮನಾಗಿ ಮುಟ್ಟುವವರೆಗೆ ಚೀಲಗಳನ್ನು ಸರಿಸಿ, ಅವುಗಳ ಜಾಗವನ್ನು ಪೆನ್ಸಿಲ್‌ನಿಂದ ಗುರುತು ಮಾಡಿಕೋ. ಗುಂಡುಗಳ ನಡುವಿನ ಸಂದುಗಳನ್ನು ತುಂಬುವ ಅಂಟಿಗೂ ತೂಕವಿದೆ, ಸುಮಾರು 40 ಗ್ರಾಂ ಎಂದಿಟ್ಟುಕೊಂಡು ಅಷ್ಟು ಸೀಸವನ್ನು ಕಡಿಮೆ ಮಾಡು.

ಅಂಟಿನ ವಿಷಯದಲ್ಲಿ ನಾನು ರಾಜಿಯಾಗಲಾರೆ. ಮರಗೆಲಸದ ಬಿಳಿ ಅಂಟನ್ನು ಸೀಸದ ಹತ್ತಿರವೂ ತರಬೇಡ. ಅದು ಪಾಲಿವಿನೈಲ್ ಅಸಿಟೇಟ್. ಅದರಿಂದ ಹೊಮ್ಮುವ ಅಸಿಟಿಕ್ ಆಮ್ಲ ತೇವ ಮತ್ತು ಗಾಳಿಯೊಂದಿಗೆ ಸೇರಿ ಸೀಸವನ್ನು ನಿಧಾನವಾಗಿ ಬಿಳಿಯ ಸೀಸದ ಕಾರ್ಬೊನೇಟ್ ಪುಡಿಯಾಗಿ ಮಾಡುತ್ತದೆ, ಆ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಕೇಳುವುದರಿಂದ ಮುಚ್ಚಿದ ಒಡಲು ವರ್ಷಗಳ ನಂತರ ಒಳಗಿನಿಂದಲೇ ಸೀಳಬಲ್ಲದು. ವಸ್ತುಸಂಗ್ರಹಾಲಯಗಳ ಹಡಗಿನ ಮಾದರಿಗಳಲ್ಲಿ ಸೀಸದ ಬಿಡಿಭಾಗಗಳು ಗಾಜಿನ ಪೆಟ್ಟಿಗೆಯೊಳಗೇ ಪುಡಿಯಾಗಿರುವುದುಂಟು. ಓಕ್‌ನಂಥ ಮರ ಸೂಸುವ ಆಮ್ಲವೂ ಅದಕ್ಕೆ ಸಾಕಾಗುತ್ತದೆ. ವಿನೆಗರ್ ವಾಸನೆಯ ಸಿಲಿಕೋನ್ ಕೂಡ ಬೇಡ. ಪ್ಲಾಸ್ಟರ್ ನೀರು ಕುಡಿಯುತ್ತದೆ, ಕಬ್ಬಿಣದ ಚೂರುಗಳು ತುಕ್ಕು ಹಿಡಿದು ಉಬ್ಬುತ್ತವೆ.

ಎರಡು ದ್ರವಗಳನ್ನು ಬೆರೆಸಿದಾಗ ಗಟ್ಟಿಯಾಗುವ ಅಂಟಾದ ಎಪಾಕ್ಸಿಯನ್ನೇ ಬಳಸು. ಮೊದಲು ಒಳಗಿನ ಮರಕ್ಕೆ ಅದರ ತೆಳುಲೇಪ ಕೊಟ್ಟು, ಅದು ಗಟ್ಟಿಯಾದ ಮೇಲೆ ಉಪ್ಪುಕಾಗದದಿಂದ ಒರಟು ಮಾಡು. ನಂತರ ಗುಂಡುಗಳನ್ನು ಎಪಾಕ್ಸಿಯಲ್ಲಿ ಕಲಸಿ, ಒಡಲಿನ ಅಡ್ಡ ಚೌಕಟ್ಟುಗಳಾದ ಪಕ್ಕೆಲುಬುಗಳ ನಡುವೆ ತೆಳುವಾದ ಪದರಗಳಲ್ಲಿ ತುಂಬು. ಒಮ್ಮೆಗೇ ದಪ್ಪವಾಗಿ ಸುರಿದರೆ ಎಪಾಕ್ಸಿ ಗಟ್ಟಿಯಾಗುವಾಗ ಹೊಮ್ಮುವ ಶಾಖ ಬಾಲ್ಸಾ ಎಂಬ ಹಗುರ ಮರದ ಹಲಗೆಯ ಆಕಾರವನ್ನು ಕೆಡಿಸಬಹುದು. ಈ ಕೆಲಸವನ್ನು ದೋಣಿ ತೊಟ್ಟಿಯಲ್ಲಿ ತೇಲುತ್ತಿರುವಾಗಲೇ ಮಾಡಿದರೆ ನೀರು ತಳವನ್ನು ತಂಪಾಗಿಡುತ್ತದೆ, ಒಂದು ಬದಿಗೆ ಭಾರ ಹೆಚ್ಚಾದರೆ ಅಲ್ಲೇ ಗೊತ್ತಾಗುತ್ತದೆ. ಎಲ್ಲ ಗಟ್ಟಿಯಾದ ಮೇಲೆ ಸೀಸದ ಮೇಲೆ ಎರಡು ಅಡ್ಡಪಟ್ಟಿಗಳನ್ನು ಪಕ್ಕೆಲುಬುಗಳಿಗೆ ಎಪಾಕ್ಸಿಯಿಂದಲೇ ಬಿಗಿ. ಮರದಿಂದ ಅಂಟು ಬಿಟ್ಟುಕೊಂಡರೂ ಆ ಪಟ್ಟಿಗಳು ಭಾರವನ್ನು ಹಿಡಿದಿಡುತ್ತವೆ.

ಸೀಸ ವಿಷ ಎಂಬುದನ್ನು ಮರೆಯಬೇಡ. ಕೈಗವಸು ಹಾಕಿಕೋ, ಕೆಲಸ ಮುಗಿದೊಡನೆ ಸೋಪಿನಿಂದ ಕೈ ತೊಳೆ, ಅದನ್ನು ಕರಗಿಸುವ ಗೋಜಿಗೆ ಹೋಗಬೇಡ.

ಮರುದಿನ ದೋಣಿಯನ್ನು ತಲೆಕೆಳಗಾಗಿ ಹಿಡಿದು ಬಲವಾಗಿ ಅಲ್ಲಾಡಿಸಿ ನೋಡು. ಒಂದು ಗುಂಡು ಸದ್ದು ಮಾಡಿದರೂ ಇನ್ನೊಂದು ಪದರ ಎಪಾಕ್ಸಿ ಬೇಕು. ಮೇಲಿನ ಹಲಗೆಯಲ್ಲಿ ಬೆರಳು ತೂರುವಷ್ಟಾದರೂ ಒಂದು ಕಿಂಡಿ ಬಿಡು. ಜಲರೇಖೆಯ ಫೋಟೊವನ್ನೂ ದೋಣಿಯ ಒಟ್ಟು ತೂಕವನ್ನೂ ಕಳುಹಿಸು, ನೋಡಿದ ಮೇಲೆ ಹಲಗೆ ಅಂಟಿಸುವ ಬಗ್ಗೆ ಬರೆಯುತ್ತೇನೆ.

ನಿನ್ನ ಪ್ರೀತಿಯ,
ಅಪ್ಪ