ಕ್ಲ್ಯಾನಿಗೂ ಒಂದು ಬೈಲಾ ಬೇಕು

ಮಾನ್ಯ ಸಂಪಾದಕರೇ,

ಆನ್‌ಲೈನ್ ಆಟ ಎಂದರೆ ಪತ್ರಿಕೆಗಳಲ್ಲಿ ಜೂಜು, ಸಾಲ, ಮನೆ ಮುರಿದ ಸುದ್ದಿಯೇ ಹೆಚ್ಚು. ಅದು ಬರಲೇಬೇಕು. ಹಣ ಕಟ್ಟಿ ಆಡುವ ಆಟಗಳನ್ನು 2025ರಲ್ಲಿ ಕೇಂದ್ರವು ಕಾಯ್ದೆ ಮಾಡಿ ನಿಷೇಧಿಸಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಬಾಜಿ ಇಲ್ಲದೆ ಗುಂಪು ಕಟ್ಟಿಕೊಂಡು ಆಡುವವರೂ ಇದ್ದೇವೆ. ಅಂಥ ಗುಂಪು ಹೇಗೆ ಒಡೆಯುತ್ತದೆ ಎಂದು ಯಾರೂ ಬರೆಯುವುದಿಲ್ಲ. ಒಂದನ್ನು ಒಡೆದವನು ನಾನು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಸಂಜೆ ಹಾಲು ಅಳೆದು, ಲೆಕ್ಕ ಮುಗಿಸಿ ಮನೆಗೆ ಬಂದರೆ ಒಂದು ಗಂಟೆ ಕ್ಲ್ಯಾಷ್ ಆಫ್ ಕ್ಲ್ಯಾನ್ಸ್ ಆಡುತ್ತೇನೆ. ಫಿನ್ಲೆಂಡಿನ ಸೂಪರ್‌ಸೆಲ್ 2012ರಲ್ಲಿ ತಂದ ಆಟ ಅದು. ಅದರಲ್ಲಿ ಆಟಗಾರರು ಕಟ್ಟಿಕೊಳ್ಳುವ ಗುಂಪಿಗೆ ಕ್ಲ್ಯಾನ್ ಎನ್ನುತ್ತಾರೆ. ಒಂದು ಕ್ಲ್ಯಾನಿನಲ್ಲಿ ಹೆಚ್ಚೆಂದರೆ 50 ಜನ. ಲೀಡರ್ ಒಬ್ಬನೇ, ಅವನ ಕೆಳಗೆ ಕೋ-ಲೀಡರ್‌ಗಳು, ಎಲ್ಡರ್‌ಗಳು, ಉಳಿದವರು ಮೆಂಬರ್‌ಗಳು. ಊರಿನ ಆರು ಗೆಳೆಯರನ್ನು ಸೇರಿಸಿಕೊಂಡು ನಮ್ಮ ಕ್ಲ್ಯಾನ್ ಶುರು ಮಾಡಿದ್ದು ನಾನೇ.

ಬೆಳೆಸಿದ್ದು ಮಾತ್ರ ನಮ್ಮ ಕೋ-ಲೀಡರ್. ಗೋಕಾಕ ಕಡೆಯ ಹುಡುಗ, ಪುಣೆಯಲ್ಲಿ ಕಾರ್ಖಾನೆ ಕೆಲಸ. ವಾರ್, ಅಂದರೆ ಇನ್ನೊಂದು ಕ್ಲ್ಯಾನಿನ ಜೊತೆ ಕಾಳಗ ಹಚ್ಚುವುದು, ಎದುರಾಳಿಗಳಲ್ಲಿ ಯಾರು ಯಾವ ಬೇಸ್ (ಕೋಟೆ) ಹೊಡೆಯಬೇಕೆಂದು ಹಂಚುವುದು, ಹೊಸಬರ ದಾಳಿಯ ರಿಪ್ಲೇ ನೋಡಿ ಎಲ್ಲಿ ತಪ್ಪಾಯಿತೆಂದು ತಿದ್ದುವುದು ಎಲ್ಲ ಅವನೇ. ವಾರ್ ಮುಗಿಯಲು ಎರಡು ಗಂಟೆ ಉಳಿದಿದೆ ಎನ್ನುವಾಗ, ಇನ್ನೂ ಅಟ್ಯಾಕ್ ಮಾಡದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಬ್ಬೊಬ್ಬರಿಗೂ ನೆನಪಿಸುತ್ತಿದ್ದ. ರಾತ್ರಿ ಪಾಳಿಯ ಊಟದ ಬಿಡುವಿನಲ್ಲಿ ಇಷ್ಟನ್ನೂ ಮಾಡುತ್ತಿದ್ದ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಏಳು ವರ್ಷದಲ್ಲಿ ನಾವು ಒಬ್ಬರನ್ನೊಬ್ಬರು ನೋಡಿದ್ದೇ ಇಲ್ಲ. ಆದರೆ ನನ್ನ ತಂದೆ ತೀರಿಕೊಂಡ ದಿನ ಊರ ಹೊರಗಿನಿಂದ ಬಂದ ಮೊದಲ ಫೋನ್ ಅವನದು.

ಜಗಳ ಹುಟ್ಟಿದ್ದು ಕ್ಲ್ಯಾನ್ ವಾರ್ ಲೀಗ್‌ನಲ್ಲಿ. ತಿಂಗಳ ಮೊದಲ ದಿನಗಳಲ್ಲಿ ನಡೆಯುವ ಇದರಲ್ಲಿ 8 ಕ್ಲ್ಯಾನ್‌ಗಳ ಗುಂಪು, ಏಳು ವಾರ್. ಮಾಮೂಲಿ ವಾರ್‌ನಲ್ಲಿ ತಲೆಗೆ ಎರಡು ಅಟ್ಯಾಕ್, ಇಲ್ಲಿ ಒಂದು ವಾರ್‌ಗೆ ಒಂದೇ. ಒಂದು ಅಟ್ಯಾಕ್‌ಗೆ ಹೆಚ್ಚೆಂದರೆ ಮೂರು ಸ್ಟಾರ್, ಅಂದರೆ ಅಂಕ. 15 ಜನ ಆಡಿ ಎಲ್ಲರೂ ಮೂರು ಸ್ಟಾರ್ ತಂದರೆ 45. ಒಬ್ಬ ಮರೆತು ಮಲಗಿದರೆ ಮೂರು ಹೋಯಿತು. ನಮ್ಮೂರಿನ ಇಬ್ಬರು ಮರೆಯುತ್ತಲೇ ಇದ್ದರು. ಆದರೂ ಪಟ್ಟಿಗೆ ಅವರನ್ನೇ ಹಾಕಿದೆ, ಕೊನೆಗೆ ಲೀಡರ್ ಕೆಲವರಿಗಷ್ಟೇ ಹಂಚಬಹುದಾದ ಬೋನಸ್ ಮೆಡಲ್ಲನ್ನೂ ಕೊಟ್ಟೆ. ಬೆಳಗಾದರೆ ಡೇರಿಯಲ್ಲಿ ಅವರ ಮುಖ ನೋಡಬೇಕಲ್ಲ ಎಂಬ ದಾಕ್ಷಿಣ್ಯ. ಹೊಸಪೇಟೆಯ ಪಿಯುಸಿ ಹುಡುಗನೊಬ್ಬ ಏಳೂ ವಾರ್ ಆಡಿ 19 ಸ್ಟಾರ್ ತಂದಿದ್ದ. ಅವನಿಗೆ ಬೋನಸ್ ಕೊಡಲಿಲ್ಲ.

ಕೋ-ಲೀಡರ್ ಚಾಟ್‌ನಲ್ಲಿ ಕೇಳಿದ: "ಅಣ್ಣಾರ, ಆಡಾಕ ಬರದವ್ರನ್ನ ಬ್ಯಾಡ ಅನ್ನಂಗಿಲ್ಲ ನಾ. ಆಡದ ಇರಾವ್ರಿಗೆ ಯಾಕ ಕೊಡ್ತೀರಿ?" ಎಲ್ಲರೆದುರು ಕೇಳಿಬಿಟ್ಟನಲ್ಲ ಎಂದು ರೇಗಿತು. ಅವನನ್ನು ಎಲ್ಡರ್‌ಗೆ ಇಳಿಸಿದೆ. ಅದಕ್ಕೆ ಒಂದು ಬಟನ್ ಒತ್ತಿದರೆ ಸಾಕು. ಯಾರು ಯಾರನ್ನು ಇಳಿಸಿದರು ಎಂಬ ಸಾಲು ತಾನಾಗಿಯೇ ಚಾಟ್‌ನಲ್ಲಿ ಮೂಡುತ್ತದೆ, ಕ್ಲ್ಯಾನಿನವರೆಲ್ಲ ಓದುತ್ತಾರೆ.

ಆಗ ಒಂದು ಮಾಮೂಲಿ ವಾರ್ ನಡೆದಿತ್ತು. ಅವನು ತನ್ನ ಎರಡೂ ಅಟ್ಯಾಕ್ ಮಾಡಿದ, ಆರು ಸ್ಟಾರ್ ತಂದ. ಕೇಳಿದವರಿಗೆಲ್ಲ ಸೈನ್ಯ ಕೊಟ್ಟ. ವಾರ್ ಮುಗಿದ ಮೇಲೆ ಕ್ಲ್ಯಾನ್ ಬಿಟ್ಟ. ಒಂದು ಮಾತನ್ನೂ ಬರೆಯಲಿಲ್ಲ. ವಾರದೊಳಗೆ ಇನ್ನೂ ಹದಿನಾಲ್ಕು ಜನ ಹೋದರು, ಹೊಸಪೇಟೆಯ ಹುಡುಗನೂ ಸೇರಿ.

ನನ್ನನ್ನು ಈಗಲೂ ಕೊರೆಯುವುದು ಇದು. ಸಂಘದಲ್ಲಿ ಫ್ಯಾಟ್ ಕಡಿಮೆ ಬಂದರೆ ಎಮ್ಮೆ ಹಾಲು ಹಾಕುವ ಒಬ್ಬ ಅಜ್ಜಿ ಹತ್ತು ಜನರೆದುರೇ ನನ್ನನ್ನು ಕೇಳುತ್ತಾರೆ. ನಾನು ಚೀಟಿ ತೋರಿಸಿ ಉತ್ತರ ಕೊಡುತ್ತೇನೆ, ರೇಗುವುದಿಲ್ಲ. ಅಲ್ಲಿ ಬೈಲಾ ಇದೆ, ನಡಾವಳಿ ಪುಸ್ತಕ ಇದೆ, ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ಇದೆ, ಐದು ವರ್ಷಕ್ಕೊಮ್ಮೆ ಆಡಳಿತ ಮಂಡಳಿಗೆ ಚುನಾವಣೆ ಇದೆ. ಕ್ಲ್ಯಾನಿನಲ್ಲಿ ಲೀಡರ್ 90 ದಿನ ಆಟದ ಕಡೆ ತಲೆ ಹಾಕದಿದ್ದರೆ ಮಾತ್ರ ಹುದ್ದೆ ತಾನಾಗಿ ಬೇರೆಯವರಿಗೆ ಹೋಗುತ್ತದೆ. ದಿನಾ ಬಂದು ತಪ್ಪು ಮಾಡುವ ಲೀಡರನ್ನು ಕೇಳಲು ಆಟದೊಳಗೆ ದಾರಿಯಿಲ್ಲ. ದಾರಿಯನ್ನು ನಾವೇ ಮಾಡಿಕೊಳ್ಳಬೇಕು.

ಉಳಿದವರೆಲ್ಲ ಸೇರಿ ಈಗ ಬರೆದಿಟ್ಟುಕೊಂಡಿದ್ದೇವೆ: ಲೀಗ್ ಪಟ್ಟಿ ಹಿಂದಿನ ತಿಂಗಳ ಅಟ್ಯಾಕ್ ಲೆಕ್ಕದ ಮೇಲೆ, ಬೋನಸ್ ಸ್ಟಾರ್ ಲೆಕ್ಕದ ಮೇಲೆ, ಯಾರನ್ನೇ ಇಳಿಸುವ ಮುನ್ನ ಒಂದು ರಾತ್ರಿ ಕಳೆಯಬೇಕು, ಅವರ ಮಾತು ಕೇಳಬೇಕು. ನಮ್ಮೂರಿನ ಆ ಇಬ್ಬರೂ ಒಪ್ಪಿದರು. ನಾನು ಹೆದರಿದಷ್ಟು ಅವರಿಗೆ ಬೇಸರವೂ ಆಗಲಿಲ್ಲ. ಹೀಗೆ ಗುಂಪು ನಡೆಸುವ ಹುಡುಗರು ಜಗಳಕ್ಕೆ ಮೊದಲೇ ಇಷ್ಟನ್ನು ಬರೆದುಕೊಳ್ಳಲಿ. ಮನೆಯಲ್ಲಿ ಮಗನೋ ಮಗಳೋ ಇಂಥ ಗುಂಪು ಬಿಟ್ಟು ಮಂಕಾಗಿ ಕೂತಿದ್ದರೆ "ಆಟ ತಾನೇ" ಎನ್ನದೆ, ಏನಾಯಿತೆಂದು ಹಿರಿಯರು ಕೇಳಲಿ.

ಆ ಗೋಕಾಕದ ಹುಡುಗನಿಗೆ ಫೋನ್ ಮಾಡಿ ತಪ್ಪಾಯಿತು ಎಂದೆ. "ಇರ್ಲಿ ಬಿಡ್ರಿ ಅಣ್ಣಾರ" ಎಂದ. ವಾಪಸು ಬರುವುದು ಬಿಡುವುದು ಅವನಿಷ್ಟ. ಆದರೆ ಅವನನ್ನು ಇಳಿಸಿದ್ದು ಎಲ್ಲರೂ ಓದುವ ಕಡೆ. ತಪ್ಪೊಪ್ಪಿಗೆಯೂ ಎಲ್ಲರೂ ಓದುವ ಕಡೆಯೇ ಇರಲಿ ಎಂದು ನಿಮಗೆ ಬರೆದೆ.

— ಹಾಲು ಸಂಘದ ಕಾರ್ಯದರ್ಶಿ, ಚನ್ನರಾಯಪಟ್ಟಣ ತಾಲ್ಲೂಕು