ಮೆಷಿನ್ ಕೊಟ್ಟರೆ ಸಾಲದು, ಬೆಳಗಿನವರೆಗೂ ಮಾಸ್ಕ್ ಮುಖದ ಮೇಲಿರಬೇಕು

ಸಂಪಾದಕರಿಗೆ ನಮಸ್ಕಾರ.

ಗೊರಕೆ ಮತ್ತು ಹೃದ್ರೋಗದ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಓದಿದೆ. ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ಸ್ಲೀಪ್ ಅಪ್ನಿಯಾಕ್ಕೆ ಚಿಕಿತ್ಸೆ ಮಾಡಿಸಿಕೊಂಡರೆ ಹಾರ್ಟ್ ಅಟ್ಯಾಕ್ ಭಯ ಇಲ್ಲ ಅನ್ನುವ ಹಾಗೆ ಅದು ಮುಗಿದಿತ್ತು. ಮಾತು ಅರ್ಧ ಸರಿ. ಉಳಿದರ್ಧ ಆ ಚಿಕಿತ್ಸೆಯ ಮೆಷಿನ್ ಬಗ್ಗೆ, ಅದನ್ನು ಹೇಳೋಣ ಅನ್ನಿಸಿ ಬರೆಯುತ್ತಿದ್ದೇನೆ. ನಾನು ಸ್ಲೀಪ್ ಲ್ಯಾಬ್‌ನಲ್ಲಿ ರಾತ್ರಿ ಪಾಳಿಯ ಟೆಕ್ನೀಷಿಯನ್. ಬೇರೆಯವರು ಮಲಗುವುದನ್ನು ನೋಡುತ್ತಾ ಕೂರುವುದೇ ನನ್ನ ಕೆಲಸ.

ಪರದೆಯ ಮೇಲೆ ನಮಗೆ ಕಾಣುವುದು ಹೀಗೆ. ಮೂಗಿನ ಗಾಳಿ ತೋರಿಸುವ ಗೆರೆ ಇದ್ದಕ್ಕಿದ್ದಂತೆ ಚಪ್ಪಟೆಯಾಗುತ್ತದೆ. ಎದೆಗೆ ಕಟ್ಟಿದ ಬೆಲ್ಟ್ ಮಾತ್ರ ಏರಿಳಿಯುತ್ತಲೇ ಇರುತ್ತದೆ. ಅಂದರೆ ಉಸಿರೆಳೆಯಲು ಒದ್ದಾಟ ನಡೆದಿದೆ, ಗಂಟಲು ಮುಚ್ಚಿಕೊಂಡಿದೆ. 10 ಸೆಕೆಂಡ್ ಆದರೆ ಲೆಕ್ಕಕ್ಕೆ ಹಿಡಿಯುತ್ತೇವೆ. ಕೆಲವರದು ಅರ್ಧ ನಿಮಿಷಕ್ಕಿಂತಲೂ ಜಾಸ್ತಿ. ರಕ್ತದ ಆಕ್ಸಿಜನ್ ಶೇಕಡಾ 95ರಿಂದ 90, 85 ಅಂತ ಇಳಿಯುತ್ತದೆ. ಆಮೇಲೆ ಒಂದು ಜೋರು ಗೊರಕೆ, ಮೈ ಒಮ್ಮೆ ಅಲುಗುತ್ತದೆ, ನಾಡಿ ಬಡಿತ ಜಿಗಿಯುತ್ತದೆ. ಬೆಳಿಗ್ಗೆ ಕೇಳಿದರೆ 'ಚೆನ್ನಾಗಿ ನಿದ್ದೆ ಬಂತು' ಅನ್ನುತ್ತಾರೆ! ಉಸಿರು ಪೂರ್ತಿ ನಿಂತದ್ದು, ಅರೆಬರೆ ಆದದ್ದು ಎರಡೂ ಸೇರಿ ಗಂಟೆಗೆ 5ಕ್ಕಿಂತ ಕಡಿಮೆ ಇದ್ದರೆ ತೊಂದರೆಯಿಲ್ಲ. 30 ಮುಟ್ಟಿದರೆ ತೀವ್ರ.

ಹೀಗೆ ಉಸಿರು ನಿಂತ ಪ್ರತಿ ಸಲವೂ ಬಿಪಿ ಮೇಲಕ್ಕೆ ಹೋಗುತ್ತದೆ. ರಾತ್ರಿ ಇಳಿಯಬೇಕಾದ ಬಿಪಿ ಇಳಿಯುವುದೇ ಇಲ್ಲ. ಮೂರು ಬಗೆಯ ಮಾತ್ರೆ ನುಂಗಿದರೂ ಬಿಪಿ ಹತೋಟಿಗೆ ಬರದವರಲ್ಲಿ, ಎದೆಬಡಿತದ ತಾಳ ತಪ್ಪಿದವರಲ್ಲಿ ಅಪ್ನಿಯಾ ತುಂಬಾ ಸಾಮಾನ್ಯ. ಬಿಪಿ, ಹೃದ್ರೋಗ ಇರುವವರಲ್ಲಿ 100ಕ್ಕೆ 40ರಿಂದ 80 ಜನರಿಗೆ ಇದು ಇರುತ್ತದೆ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2021ರಲ್ಲೇ ಹೇಳಿದೆ. ಆದರೂ ಸ್ಟೆಂಟ್ ಹಾಕಿ ಮನೆಗೆ ಕಳಿಸುವಾಗ 'ರಾತ್ರಿ ಗೊರಕೆ ಹೊಡೀತಾರಾ, ಮಧ್ಯೆ ಉಸಿರು ನಿಲ್ಲುತ್ತಾ' ಅಂತ ಮನೆಯವರನ್ನು ಕೇಳುವವರು ಕಡಿಮೆ.

ಇನ್ನು ಸಿಪ್ಯಾಪ್ ಮೆಷಿನ್ ವಿಷಯ. ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಬಿಟ್ಟು ಗಂಟಲು ಮುಚ್ಚದಂತೆ ಹಿಡಿದಿಡುವ ಯಂತ್ರ ಅದು. ಅದನ್ನು ಹಾಕಿಕೊಂಡರೆ ಹೃದಯ ಉಳಿಯುತ್ತದಾ? 2016ರಲ್ಲಿ ಸೇವ್ ಅನ್ನುವ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಮೊದಲೇ ಹೃದ್ರೋಗ ಅಥವಾ ಸ್ಟ್ರೋಕ್ ಇದ್ದ 2,700 ಚಿಲ್ಲರೆ ಜನ ಅದರಲ್ಲಿದ್ದರು. ಮೆಷಿನ್ ಕೊಟ್ಟವರಿಗೂ ಕೊಡದವರಿಗೂ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಹಿಡಿದುಕೊಂಡು 'ಸಿಪ್ಯಾಪ್ ಸುಮ್ನೆ ದಂಡ' ಅನ್ನುವವರಿದ್ದಾರೆ. ಆದರೆ ಆ ಅಧ್ಯಯನದಲ್ಲಿ ಮೆಷಿನ್ ಪಡೆದವರು ಅದನ್ನು ಹಾಕಿಕೊಂಡದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ. 2023ರಲ್ಲಿ ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ದಿನಕ್ಕೆ 4 ಗಂಟೆ ಅಥವಾ ಹೆಚ್ಚು ಬಳಸಿದವರಲ್ಲಿ ಮತ್ತೆ ಅಟ್ಯಾಕ್, ಸ್ಟ್ರೋಕ್ ಆಗುವುದು ಕಡಿಮೆ ಇತ್ತು. ಮಾಸ್ಕ್ ಬಿಡದೆ ಹಾಕುವವರು ಮಾತ್ರೆಯನ್ನೂ ಬಿಡದೆ ನುಂಗುವವರೇ ಇರಬಹುದು, ಅಲ್ವಾ? ಹಾಗಾಗಿ ಇದೇ ಕೊನೆಯ ಸಾಕ್ಷಿ ಅಂತ ನಾನು ಹೇಳುವುದಿಲ್ಲ. ಆದರೆ ಹಾಕಿಕೊಳ್ಳದ ಮೆಷಿನ್‌ನಿಂದ ಲಾಭ ಇಲ್ಲ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಜನ ಮಾಸ್ಕ್ ಕಿತ್ತಿಡುವುದು ಹೆಚ್ಚಾಗಿ ನಡುರಾತ್ರಿ ಎಚ್ಚರವಾದಾಗ. ಕನಸು ಬೀಳುವ ನಿದ್ದೆ ಜಾಸ್ತಿ ಇರುವುದು ಬೆಳಗಿನ ಜಾವಕ್ಕೆ. ಆಗ ಸ್ನಾಯುಗಳು ಪೂರ್ತಿ ಸಡಿಲ, ಉಸಿರು ನಿಲ್ಲುವುದೂ ಬಹಳ ಜನರಲ್ಲಿ ಆಗಲೇ ಹೆಚ್ಚು. ಅತಿ ಕೆಟ್ಟ ಹೊತ್ತಿಗೇ ಮಾಸ್ಕ್ ದಿಂಬಿನ ಪಕ್ಕದಲ್ಲಿರುತ್ತದೆ.

ಕಾರಣ ಕೇಳಿದರೆ ಎಲ್ಲ ಸಣ್ಣ ಸಣ್ಣವು. ಅಳತೆ ಸರಿಯಿಲ್ಲದೆ ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತದೆ. ಬಾಯಿ ಒಣಗುತ್ತದೆ. ಮೂಗು ಕಟ್ಟುತ್ತದೆ. ಸೋರುತ್ತದೆ ಅಂತ ಪಟ್ಟಿ ಇನ್ನೂ ಬಿಗಿ ಮಾಡುತ್ತಾರೆ, ಮೂಗಿನ ಮೇಲೆ ಗಾಯ ಆಗುತ್ತದೆ. ಬೇರೆ ಅಳತೆಯ ಮಾಸ್ಕ್, ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್, ಮೂಗಿಗೆ ಔಷಧಿ, ಇಷ್ಟರಲ್ಲೇ ಎಷ್ಟೋ ಸರಿಹೋಗುತ್ತದೆ. ಎಷ್ಟು ಗಂಟೆ ಹಾಕಿಕೊಂಡರು, ಎಷ್ಟು ಸೋರಿತು ಅಂತ ಈಗಿನ ಮೆಷಿನ್‌ಗಳೇ ಬರೆದಿಡುತ್ತವೆ. ಅದನ್ನು ತೆಗೆದು ನೋಡುವವರು ಬೇಕು, ಅದೂ ಮೊದಲ ಕೆಲವು ವಾರಗಳಲ್ಲೇ. ಮೆಷಿನ್ ಮಾರಿದ ದಿನವೇ ಚಿಕಿತ್ಸೆ ಮುಗಿಯಿತು ಅಂದುಕೊಳ್ಳುವುದು ನಿಲ್ಲಬೇಕು.

ತೂಕ ಇಳಿಸಿದರೂ ಅಪ್ನಿಯಾ ತಗ್ಗುತ್ತದೆ. ಬೊಜ್ಜಿನ ಜೊತೆ ಅಪ್ನಿಯಾ ಮಧ್ಯಮ ಅಥವಾ ತೀವ್ರವಾಗಿರುವವರಿಗೆ ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದನ್ನು 2024ರ ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿದೆ. ಅದು ಬೇರೆಯೇ ಲೇಖನಕ್ಕೆ ವಸ್ತು.

ಒಂದು ಎಚ್ಚರಿಕೆ ಮಾತ್ರ ದಯವಿಟ್ಟು ಪ್ರಕಟಿಸಿ. ಗಂಟಲು ಮುಚ್ಚದೆ, ಮೆದುಳೇ ಉಸಿರಾಡು ಅನ್ನದೆ ನಿಲ್ಲುವ ಅಪ್ನಿಯಾವೂ ಇದೆ. ಹೃದಯದ ಪಂಪ್ ಮಾಡುವ ಶಕ್ತಿ ಕುಗ್ಗಿದವರಲ್ಲಿ ಇದಕ್ಕೆ ಎಎಸ್‌ವಿ ಅನ್ನುವ ಇನ್ನೊಂದು ಬಗೆಯ ಮೆಷಿನ್ ಹಾಕಿ ನೋಡಿದಾಗ, 2015ರ ಅಧ್ಯಯನದಲ್ಲಿ ಹೃದಯದ ಕಾರಣಕ್ಕೆ ಸಾವು ಹೆಚ್ಚಾಗಿತ್ತು. ಆದ್ದರಿಂದ ಹೀಗೆ ಹೃದಯ ಕುಗ್ಗಿದವರು, ಅಂದರೆ ಹಾರ್ಟ್ ಫೇಲ್ಯೂರ್ ಇರುವವರು, ಸ್ಲೀಪ್ ಸ್ಟಡಿ (ನಿದ್ದೆಯ ಪರೀಕ್ಷೆ) ಮಾಡಿಸದೆ, ಹೃದಯದ ಡಾಕ್ಟರನ್ನು ಕೇಳದೆ ಯಾವ ಮೆಷಿನ್ನನ್ನೂ ತಂದು ಹಾಕಿಕೊಳ್ಳಬಾರದು.

ಇಂತಿ,
ಸ್ಲೀಪ್ ಲ್ಯಾಬ್‌ನ ಒಬ್ಬ ಟೆಕ್ನೀಷಿಯನ್